ಮೊದಲು ನೀರಿನ ಗೆರೆ ನೋಡು

ಮಾಧವರಂ, ಚೆನ್ನೈ

ಪುಟ್ಟಿ,

ರೆಟ್ಟೇರಿ ಕಡೆ ಕೆಳಗಿನ ಮನೆ ಸಿಕ್ಕಿತು ಅಂತ ನಿನ್ನಮ್ಮ ಹೇಳಿದಳು, ಸಂತೋಷವಾಯಿತು. ಮದುವೆಗೆ ಬಂದ ಉಡುಗೊರೆ ಹಣದಲ್ಲಿ ಮಂಚ, ಬೀರು, ಮೇಜು ಎಲ್ಲ ಆಗಬೇಕು. ಫೋನಿನಲ್ಲಿ ಆರ್ಡರ್ ಮಾಡಿದರೆ ಪೆಟ್ಟಿಗೆಯಲ್ಲಿ ಬರುವ ಫರ್ನಿಚರ್ ತರಿಸಲೋ, ಅಥವಾ ನಾಲ್ಕೇ ಸಾಮಾನಾದರೂ ಸರಿ ಎಂದು ಮರ ಆರಿಸಿ ಮಾಡಿಸಲೋ ಎಂದು ಕೇಳಿದ್ದೀಯ. ಕೆಲಸಕ್ಕೆಂದು ದಾವಣಗೆರೆಯಿಂದ, ಉಡುಪಿಯಿಂದ, ಬೆಂಗಳೂರಿನಿಂದ ಈ ಊರಿಗೆ ಬಂದು ಮೊದಲ ಸಂಸಾರ ಹೂಡುವ ಮಕ್ಕಳೆಲ್ಲ ಕೇಳುವ ಪ್ರಶ್ನೆ ಇದು. ಅವರೂ ಓದಲಿ ಎಂದು ಉತ್ತರವನ್ನು ಪತ್ರಿಕೆಗೇ ಬರೆಯುತ್ತಿದ್ದೇನೆ.

ಅಂಗಡಿಗೆ ಹೋಗುವ ಮೊದಲು ಮನೆಯ ಗೋಡೆ ನೋಡಿ ಬಾ. ಸುಣ್ಣ ಬಳಿದಿದ್ದರೂ ನೀರು ನಿಂತ ಗೆರೆ ಎಲ್ಲೋ ಒಂದು ಮೂಲೆಯಲ್ಲಿ ಉಳಿದಿರುತ್ತದೆ. ಕಾಣದಿದ್ದರೆ ಪಕ್ಕದ ಮನೆಯವರನ್ನು ಕೇಳು, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ನೀರು ಎಲ್ಲಿಯವರೆಗೆ ಬಂದಿತ್ತು ಎಂದು. ಒಂದು ಕಡೆ ರೆಟ್ಟೇರಿ ಕೆರೆ, ಇನ್ನೊಂದು ಕಡೆ ಪುಳಲ್ ಜಲಾಶಯ; ತಗ್ಗಿನ ನೆಲ ನಮ್ಮದು. ಆ ನೀರು ಇಳಿದ ಮೇಲೆ ಬೀದಿ ಬದಿಗೆ ಬಂದು ಬಿದ್ದ ಸಾಮಾನು ನೋಡಿ ಹೊಟ್ಟೆ ಉರಿದಿತ್ತು. ಬುಡ ಉಬ್ಬಿ ಬಿರಿದ ಬೀರು, ಪುಡಿಪುಡಿಯಾಗುತ್ತಿದ್ದ ಟಿವಿ ಸ್ಟ್ಯಾಂಡು, ಇನ್ನೂ ಕಂತು ತೀರದ ಮಂಚ. ಅದೇ ಮನೆಗಳವರು ಪ್ಲಾಸ್ಟಿಕ್ ಕುರ್ಚಿಗಳನ್ನು ತೊಳೆದಿಟ್ಟುಕೊಂಡರು. ಹಳೆಯ ತೇಗದ ಬೆಂಚುಗಳನ್ನು ನೆರಳಲ್ಲಿ ಒಣಗಿಸಿ ಮತ್ತೆ ಒಳಗೆ ತಂದರು.

ಇದಕ್ಕೆ ಕಾರಣ ಬೆಲೆಯಲ್ಲ, ಒಳಗಿರುವ ವಸ್ತು. ಅಗ್ಗದ ಬೀರುಗಳಲ್ಲಿ ಬಹುಪಾಲು ಪಾರ್ಟಿಕಲ್ ಬೋರ್ಡಿನವು. ಮರದ ಚೂರನ್ನು ಅಂಟಿನಲ್ಲಿ ಕಲಸಿ, ಬಿಸಿಯಲ್ಲಿ ಒತ್ತಿ, ಮೇಲೆ ತೆಳು ಹಾಳೆ ಅಂಟಿಸಿದ ಹಲಗೆ ಅದು. ಹಾಳೆ ಇರುವ ಕಡೆ ನೀರು ಇಳಿಯುವುದಿಲ್ಲ. ಅಂಚಿನಿಂದ, ಸ್ಕ್ರೂ ಕೊರೆದ ತೂತಿನಿಂದ ಇಳಿಯುತ್ತದೆ. ಚೂರುಗಳು ನೀರು ಕುಡಿದು ಉಬ್ಬಿದರೆ ಅಂಟು ಬಿಡುತ್ತದೆ, ಒಣಗಿದ ಮೇಲೆ ಹಲಗೆ ಮೊದಲಿನ ದಪ್ಪಕ್ಕೆ ಬರುವುದೇ ಇಲ್ಲ. ಪ್ರವಾಹವೇ ಬರಬೇಕೆಂದಿಲ್ಲ, ದಿನಾ ನೆಲ ಒರೆಸುವ ಒದ್ದೆ ಬಟ್ಟೆಯೇ ಸಾಕು. ಹೊಸ ಬೀರು ತೆರೆದಾಗ ಕಣ್ಣು ಚುರುಗುಟ್ಟುವ ವಾಸನೆ ಬರುತ್ತದಲ್ಲ, ಆ ಅಂಟಿನಿಂದ ಬಿಡುವ ಫಾರ್ಮಾಲ್ಡಿಹೈಡ್ ಅದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅದನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಕೊಂಡರೆ ಕೆಲವು ದಿನ ಬಾಗಿಲು ತೆರೆದು ಗಾಳಿಗೆ ಬಿಡು. ಮಲಗುವ ಕೋಣೆಗೆ ಆಮೇಲೆ ಸೇರಿಸು.

ಹಲಗೆಯಲ್ಲೇ ಮಾಡಿಸುವುದಾದರೆ ಪ್ಲೈವುಡ್ ಮೇಲಿನ ಮುದ್ರೆ ಓದು. ಐಎಸ್ 303 ಎಂದು ಇದ್ದರೆ ಅದರಲ್ಲೇ ಎರಡು ದರ್ಜೆ: ಎಂಆರ್ ತೇವ ತಡೆಯುತ್ತದೆ ಅಷ್ಟೇ, ಬಿಡಬ್ಲ್ಯುಆರ್ ಅದಕ್ಕಿಂತ ಗಟ್ಟಿ. ಐಎಸ್ 710 ಎಂದರೆ ಮರೈನ್ ಪ್ಲೈ. ಅಡುಗೆಮನೆಯ ಸಿಂಕಿನ ಕೆಳಗೆ ಅದನ್ನೇ ಹಾಕಿಸು, ಅಲ್ಲಿ ಮಾತ್ರ ಚೌಕಾಸಿ ಬೇಡ.

ಕಾರ್ಖಾನೆಯ ಸಾಮಾನೆಂದರೆ ಕೀಳು ಎಂದು ಯಾರಾದರೂ ಹೇಳಿದರೆ ನಂಬಬೇಡ. ವಿಯೆನ್ನಾದಲ್ಲಿ ಮೈಕೆಲ್ ಥೋನೆಟ್ 1859ರಲ್ಲಿ ಒಂದು ಕುರ್ಚಿ ಮಾಡಿದ, ಹದಿನಾಲ್ಕನೇ ನಂಬರಿನದು ಎಂದೇ ಅದಕ್ಕೆ ಹೆಸರು. ಹಬೆಯಲ್ಲಿ ಬಗ್ಗಿಸಿದ ಆರು ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. ಲಕ್ಷಗಟ್ಟಲೆ ಮಾಡಿದ ಮಾಲು ಅದು, ಆದರೂ ಎಷ್ಟು ಚೆಂದ! ಕಾಲು ಸಡಿಲಾದರೆ ಸ್ಕ್ರೂ ಬಿಗಿದರಾಯಿತು, ಒಂದು ತುಂಡು ಮುರಿದರೆ ಅದೊಂದನ್ನೇ ಬದಲಿಸಿದರಾಯಿತು. ನಮ್ಮಲ್ಲೂ ಗೋದ್ರೆಜ್ ಕಂಪನಿ 1923ರಲ್ಲಿ ಉಕ್ಕಿನ ಬೀರು ಮಾಡಲು ಶುರುಮಾಡಿತು. ಎಲ್ಲರ ಮನೆಯಲ್ಲೂ ಒಂದೇ ತರಹ, ಆದರೆ ಅಜ್ಜಿಯ ಸೀರೆ ಇಟ್ಟ ಬೀರಿನಲ್ಲಿ ಮೊಮ್ಮಗಳ ಸೀರೆ ಇದೆ. ನೀನು ಬೆಂಗಳೂರಿನಲ್ಲಿದ್ದಾಗ, 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ತೆರೆದಾಗ, ಹೋಗಿ ನೋಡಿ ಬಂದು ಉತ್ಸಾಹದಿಂದ ಹೇಳಿದ್ದು ನೆನಪಿದೆ. ಆ ಕಂಪನಿಯಲ್ಲಿ ಗಿಲ್ಲಿಸ್ ಲುಂಡ್‌ಗ್ರೆನ್ ಎಂಬಾತ ಕಾರಿನಲ್ಲಿ ಹಿಡಿಸದ ಮೇಜಿನ ಕಾಲು ಕಳಚಿದ್ದರಿಂದ 1956ರ ಹೊತ್ತಿಗೆ ಬಿಚ್ಚಿ ಮಾರುವ ಪದ್ಧತಿ ಬಂತು ಎನ್ನುತ್ತಾರೆ. ಸಾಗಣೆಯ ಖರ್ಚು ಉಳಿಯಿತು, ಬೆಲೆ ಇಳಿಯಿತು. ಚಿಕ್ಕ ಸಂಬಳದ ಮನೆಗೂ ಒಳ್ಳೆಯ ಮೇಜು ಬಂದಿತೆಂದರೆ ಅದು ದೊಡ್ಡ ಕೆಲಸವೇ.

ಹಾಗಾಗಿ ನಾನು ಕೇಳುವುದು ಒಂದೇ. ಕೊಳ್ಳುವ ಸಾಮಾನು ಕೆಟ್ಟರೆ ನಮ್ಮ ಬೀದಿಯಲ್ಲಿ ಯಾರಾದರೂ ರಿಪೇರಿ ಮಾಡಬಲ್ಲರೇ? ಪಾರ್ಟಿಕಲ್ ಬೋರ್ಡಿನಿಂದ ಒಮ್ಮೆ ಸ್ಕ್ರೂ ಕಿತ್ತು ಬಂದರೆ ಅದೇ ತೂತಿನಲ್ಲಿ ಮತ್ತೆ ಹಿಡಿಯುವುದು ಕಷ್ಟ. ನಿಮ್ಮದು ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ. ಮೆಟ್ರೋ ಕೆಲಸ ಮುಗಿದ ಮೇಲೆ ಇಲ್ಲಿನ ಬಾಡಿಗೆ ಏರಿದರೆ ಬೇರೆ ಮನೆಗೆ ಹೋಗಬೇಕಾದೀತು. ಬಿಚ್ಚಿ ಜೋಡಿಸಿದ ಅಂಥ ಬೀರು ಎರಡನೆಯ ಮನೆಯಲ್ಲಿ ಅಲ್ಲಾಡುತ್ತದೆ. ಮೂರನೆಯ ಮನೆಗೆ ತಲುಪುವುದು ಅಪರೂಪ.

ಇನ್ನು ಬೇರೆ ಯಾರ ಮನೆಯಲ್ಲೂ ಇಲ್ಲದ ಸಾಮಾನು ಬೇಕೆಂಬ ನಿನ್ನ ಆಸೆ. ಅದು ಒಳ್ಳೆಯದೇ, ಆದರೆ ಅದರ ಹೆಸರಿನಲ್ಲಿ ಮೋಸ ಬಹಳ. ಕಾರೈಕುಡಿಯ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ಚೆಟ್ಟಿನಾಡಿನ ದೊಡ್ಡ ಮನೆಗಳಿಂದ ಬಂದ ಬರ್ಮಾ ತೇಗದ ಕಂಬ, ಬಾಗಿಲು, ಪೆಟ್ಟಿಗೆ ಸಿಗುತ್ತವೆ. ಇಲ್ಲೇ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲೂ ಹಳೆಯ ಕುರ್ಚಿ, ಮೇಜು ಬರುತ್ತವೆ. ಆದರೆ ಹೊಸ ಮರಕ್ಕೆ ಕಪ್ಪು ಬಣ್ಣ ಹೊಡೆದು ಹಳೆಯದೆಂದು ಮಾರುವವರೂ ಇದ್ದಾರೆ. ಮುಂಭಾಗದ ಕೆತ್ತನೆ ನೋಡಿ ಮರುಳಾಗಬೇಡ. ಡ್ರಾಯರ್ ಪೂರ್ತಿ ಹೊರಗೆಳೆದು ಹಿಂಭಾಗ ನೋಡು, ತಿರುಗಿಸಿ ತಳ ನೋಡು. ಕೈ ತಾಕುವ ಕಡೆ ಸವೆದಿರಬೇಕು, ತಾಕದ ಕಡೆ ಸವೆದಿರಬಾರದು. ಎಲ್ಲ ಕಡೆ ಒಂದೇ ಸಮ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಎಷ್ಟು ಅಗ್ಗವಾದರೂ ಮುಟ್ಟಬೇಡ, ಹುಳ ನಿನ್ನ ಮನೆಯ ಬಾಗಿಲಿಗೂ ಬರುತ್ತದೆ.

ನಾನಾದರೆ ಹೀಗೆ ಮಾಡುತ್ತೇನೆ. ಮಂಚ ಒಂದನ್ನು ಗಟ್ಟಿ ಮರದಲ್ಲಿ ಮಾಡಿಸುತ್ತೇನೆ. ಮನುಷ್ಯನ ಭಾರ ರಾತ್ರಿಯಿಡೀ ಹೊರುವುದು ಅದು. ನಾಳೆ ಬಾಣಂತನಕ್ಕೂ ಅದೇ, ಮುಪ್ಪಿಗೂ ಅದೇ. ತೇಗವೇ ಆಗಬೇಕೆಂದಿಲ್ಲ. ಹದವಾಗಿ ಒಣಗಿದ ಬೇವು ಸಾಕು. ಕೇರಳದ ರಬ್ಬರ್ ಮರವೂ ಆದೀತು, ಹಾಲು ಬತ್ತಿದ ಮೇಲೆ ಹೇಗೂ ಕಡಿಯುವ ಮರ ಅದು. ಆದರೆ ಹುಳಕ್ಕೆ ಔಷಧಿ ಕೊಟ್ಟದ್ದೇ ಎಂದು ಕೇಳಿ ಕೊಳ್ಳಬೇಕು. ಕಾಲುಗಳು ಒಂದು ಅಡಿಗಿಂತ ಎತ್ತರ ಇರಲಿ, ಕೆಳಗೆ ಡ್ರಾಯರ್ ಬೇಡವೇ ಬೇಡ. ಬಟ್ಟೆಗೆ ಉಕ್ಕಿನ ಬೀರು ತಗೊ, ಕೆಳಗೆ ಕಲ್ಲು ಕೊಟ್ಟು ಎತ್ತರಿಸು. ಸಮುದ್ರದ ಗಾಳಿ ಇಲ್ಲಿಗೂ ಬರುತ್ತದೆ, ಬಣ್ಣ ಕಿತ್ತ ಕಡೆ ಕೂಡಲೇ ಬಳಿ. ಊಟದ ಮೇಜು, ಕುರ್ಚಿ, ಚಪ್ಪಲಿ ಸ್ಟ್ಯಾಂಡ್ ಎಲ್ಲ ಸದ್ಯಕ್ಕೆ ಅಗ್ಗದ್ದೇ ಸಾಕು. ಮಕ್ಕಳಾದ ಮೇಲೆ ಅವು ಹೇಗೂ ಬದಲಾಗುತ್ತವೆ.

ಆಚಾರಿಯ ಹತ್ತಿರ ಮಾತಾಡುವಾಗ ಚಿತ್ರ ತೋರಿಸಿ ಸುಮ್ಮನಾಗಬೇಡ, ಕಾಲನ್ನೂ ಚೌಕಟ್ಟನ್ನೂ ಹೇಗೆ ಸೇರಿಸುತ್ತೀರಿ ಎಂದು ಕೇಳು. ಕಾಲಿನಲ್ಲಿ ತೂತು ಕೊರೆದು, ಅಡ್ಡಪಟ್ಟಿಯ ತುದಿಯನ್ನು ಅದರೊಳಗೆ ಬಿಗಿಯಾಗಿ ಕೂರಿಸಿ ಸೇರಿಸುವವರು ಸಿಕ್ಕರೆ ಹೇಳಿದ ಕೂಲಿ ಕೊಡು. ಮೊಳೆ ಹೊಡೆದು ಅಂಟು ಹಾಕುತ್ತೇನೆ ಎಂದರೆ ಅದಕ್ಕಿಂತ ಅಂಗಡಿಯ ಮಂಚವೇ ವಾಸಿ. ಮರಕ್ಕೆ ಬೇರೆ ಹಣ, ಕೂಲಿಗೆ ಬೇರೆ ಹಣ ಎಂದು ಚೀಟಿಯಲ್ಲಿ ಬರೆಸಿಕೊ. ಮಳೆಗಾಲದಲ್ಲಿ ಮಾಡಿಸಬೇಡ, ತೇವ ಕುಡಿದ ಮರ ಮೇ ತಿಂಗಳಲ್ಲಿ ಕುಗ್ಗಿ ಸಂದು ಬಿಡುತ್ತದೆ. ಸಂಕ್ರಾಂತಿ ಕಳೆದ ಮೇಲೆ ಕೆಲಸಕ್ಕೆ ಕೂರಿಸು, ಅಲ್ಲಿಯವರೆಗೆ ನಮ್ಮ ಮನೆಯ ಮಡಚುವ ಮಂಚ ತೆಗೆದುಕೊಂಡು ಹೋಗು.

ಬಾಗಿಲಿನ ಅಗಲ ಅಳೆದು ಇಟ್ಟುಕೊ. ಇಲ್ಲಿನ ಆಚಾರಿಗೆ ಕನ್ನಡ ಬಾರದು, ನಿನಗೆ ತಮಿಳು ಇನ್ನೂ ಬಂದಿಲ್ಲ. ಹೊರಡುವ ದಿನ ಫೋನ್ ಮಾಡು, ನಾನೂ ಜೊತೆಗೆ ಬರುತ್ತೇನೆ.

ನಿನ್ನ ದೊಡ್ಡಮ್ಮ