ವೇಗ ಆಮೇಲೆ, ಕ್ರಮ ಮೊದಲು

ಪ್ರಶ್ನೆ: ಟ್ರ್ಯಾಪ್ ಶೂಟಿಂಗ್ ಕಲಿಯುತ್ತಿದ್ದೇನೆ. ಜೋಡಿ ನಳಿಗೆ ಕೋವಿಗೆ ತೋಟಾ ತುಂಬುವಾಗ ಕೈ ತಡವರಿಸುತ್ತದೆ. ಏನು ಮಾಡಲಿ?

ಉತ್ತರ: ವೇಗದ ಚಿಂತೆ ಬಿಡಿ. ಒಂದು ಸುತ್ತಿಗೆ 25 ಕ್ಲೇ ಬಿಲ್ಲೆಗಳು. ಸರದಿಗಳ ನಡುವೆ ತೋಟಾ ತುಂಬಲು ಬೇಕಾದಷ್ಟು ಬಿಡುವಿರುತ್ತದೆ. ಕೋಚ್ ಎದುರಿಗೇ ಡಮ್ಮಿ ತೋಟಾಗಳಿಂದ ಅಭ್ಯಾಸ ಮಾಡಿ. ನಳಿಗೆ ಸದಾ ಗುರಿಯ ದಿಕ್ಕಿಗಿರಲಿ, ಬೆರಳು ಟ್ರಿಗರ್‌ನಿಂದ ದೂರವಿರಲಿ. ಕೋವಿ ತೆರೆದು, ಎರಡೂ ನಳಿಗೆ ಖಾಲಿಯೇ ಎಂದು ಇಣುಕಿ ನೋಡಿ. ತೋಟಾದ ಲೋಹದ ಬುಡಕ್ಕೆ ಹೆಬ್ಬೆರಳು ಕೊಟ್ಟು ಒಳಗೆ ಜಾರಿಸಿ.

12 ಬೋರ್ ತೋಟಾಗಳ ಜೇಬಿಗೆ 20 ಬೋರಿನದು ಸೇರಲೇಬಾರದು. ಅದು ನಳಿಗೆಯೊಳಗೆ ಜಾರಿ ಸಿಕ್ಕಿಕೊಳ್ಳುತ್ತದೆ. ಹಿಂದೆ ಇನ್ನೊಂದು ತುಂಬಿ ಹಾರಿಸಿದರೆ ನಳಿಗೆಯೇ ಸಿಡಿಯಬಹುದು. ಜಾಗ ಬದಲಿಸುವಾಗ ಕೋವಿ ತೆರೆದೇ ಇರಲಿ, ಖಾಲಿಯಿರಲಿ. ಕ್ರಮ ಕೈಗೆ ಹತ್ತಿದರೆ ವೇಗ ತಾನಾಗಿ ಬರುತ್ತದೆ.