ಬಾಯಿ ಬಿಡಿಸುವ ಚಿತ್ರ

ಕೂಸೇ,

ನೀನು ಮಾಡುತ್ತಿರುವ ಕ್ಯಾನ್ಸರ್ ಜಾಗೃತಿ ಚಿತ್ರದಿಂದ ಕಳಿಸಿದ ನಾಲ್ಕು ನಿಮಿಷದ ತುಣುಕನ್ನು ಮೂರು ಸಲ ನೋಡಿದೆ. ಮೊದಲ ಸಲ ನಿನ್ನ ದೊಡ್ಡಮ್ಮನ ಜೊತೆ ಕೂತು ನೋಡಿದ್ದು, ಅವಳು ಕಣ್ಣೊರೆಸಿಕೊಂಡಳು. ಎರಡನೇ ಸಲ ದನಿ ಪೂರ್ತಿ ತೆಗೆದು ನೋಡಿದೆ. ಮೂರನೇ ಸಲ ಕಣ್ಣು ಮುಚ್ಚಿಕೊಂಡು ಬರೀ ಕೇಳಿದೆ. ಸಿನಿಮಾ ತೋರಿಸುವ ಕೆಲಸದಲ್ಲೇ ಸಂಬಳ ಉಂಡವನಿಗೆ ಇದೊಂದು ಚಟ. ದನಿ ತೆಗೆದಾಗ ಚಿತ್ರ ನಿಂತಿತು. ಕಣ್ಣು ಮುಚ್ಚಿದಾಗ ಬಿದ್ದುಹೋಯಿತು. ಯಾವುದೋ ವಾದ್ಯ ಒಂದೇ ಸಮನೆ ಅಳುತ್ತಿತ್ತು, ತುಣುಕಿನಲ್ಲಿರುವ ಹೆಂಗಸು ಹೇಳುತ್ತಿದ್ದ ಮಾತು ಅದರಡಿ ಮುಳುಗಿತ್ತು. ನಾಲಗೆಯ ಅಂಚು ಕತ್ತರಿಸಿಕೊಂಡವಳ ಮಾತು ಮೊದಲೇ ತೊದಲು. ಅದರ ಮೇಲೆ ಸಂಗೀತ ಹೊದಿಸಬೇಡ.

"ಹೇಗಿದೆ ದೊಡ್ಡಪ್ಪಾ, ಮುಚ್ಚುಮರೆ ಇಲ್ಲದೆ ಹೇಳು" ಅಂದಿದ್ದೀಯ. ಹೇಳುತ್ತೇನೆ. ಅದಕ್ಕೂ ಮೊದಲು ನಾನು ಮಾಡಿದ ತಪ್ಪೊಂದನ್ನು ಕೇಳು.

ಎಂಬತ್ತರ ದಶಕ. ಜೀಪಿನಲ್ಲಿ ಹದಿನಾರು ಎಂ.ಎಂ. ಪ್ರೊಜೆಕ್ಟರು, ಜನರೇಟರು, ಸುತ್ತಿಟ್ಟ ಪರದೆ ಹೇರಿಕೊಂಡು ಘಟ್ಟದ ಮೇಲಿನ ಊರೂರು ಸುತ್ತಿ ಆರೋಗ್ಯದ ಚಿತ್ರ ತೋರಿಸುತ್ತಿದ್ದೆ. ಶಾಲೆಯ ಬಯಲಿನಲ್ಲಿ ಎರಡು ಬಿದಿರು ನೆಟ್ಟು ಪರದೆ ಕಟ್ಟಿದರೆ ಎದುರಿಗೂ ಜನ, ಹಿಂದೆಯೂ ಜನ. ಹಿಂದೆ ಕೂತವರ ಪಾಲಿಗೆ ಸಿನಿಮಾದವರೆಲ್ಲ ಎಡಗೈಯಲ್ಲಿ ಉಣ್ಣುತ್ತಿದ್ದರು. ಒಂದೂರಿನಲ್ಲಿ ಬಾಯಿ ಕ್ಯಾನ್ಸರಿನ ಚಿತ್ರ ಹಾಕಿದೆ. ಕೆನ್ನೆ ತೂತಾದ ಒಬ್ಬ ಮನುಷ್ಯನ ಮುಖ ಪರದೆ ತುಂಬಾ ಬಂತು. ಮಕ್ಕಳು ಚೀರಿದವು. ಮುಂದಿನ ಸಾಲಿನಲ್ಲಿ ಎಲೆಯಡಿಕೆಯ ಕವಳ ಜಗಿಯುತ್ತಿದ್ದ ಅಜ್ಜಿಯೊಬ್ಬಳು ಜಗಿಯುವುದನ್ನು ನಿಲ್ಲಿಸಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾಟಿತು ಅಂದುಕೊಂಡೆ. ಆ ರಾತ್ರಿಯ ಡೈರಿಯಲ್ಲಿ ‘ಉತ್ತಮ ಪರಿಣಾಮ’ ಅಂತ ಬರೆದೆ. ಎರಡು ದಿನ ಬಿಟ್ಟು ಅದೇ ಶಾಲೆಯಲ್ಲಿ ತಪಾಸಣೆ ಇತ್ತು. ಅಜ್ಜಿ ಬರಲಿಲ್ಲ.

ಮರುವರ್ಷ ಆ ಊರಿಗೆ ಹೋದಾಗ ಅವಳ ಮಗ ಸಿಕ್ಕಿದ. ಸಿನಿಮಾ ನೋಡುವ ಹೊತ್ತಿಗೇ ಅವಳ ಕೆನ್ನೆಯ ಒಳಗೆ ಮಾಯದ ಹುಣ್ಣೊಂದಿತ್ತಂತೆ. "ಆ ಮುಖ ನೋಡಿದ್ಮೇಲೆ ಆಯಿ ಬಾಯೇ ಬಿಡ್ಲಿಲ್ಲ ಸಾಹೇಬ್ರೇ. ಹೆಂಗಿದ್ರೂ ಹಂಗೇ ಆಗೂದು, ಡಾಕ್ಟ್ರ ಹತ್ರ ಹೋಗಿ ಎಂತ ಮಾಡೂದು ಅಂತಿದ್ಲು" ಅಂದ. ನನ್ನನ್ನು ಬೈಯಲಿಲ್ಲ. ಒಳಗೆ ಕರೆದು ಚಹಾ ಕೊಟ್ಟ. ಆ ಚಹಾ ಇನ್ನೂ ನನ್ನ ಗಂಟಲಲ್ಲಿದೆ.

ಹೆದರಿಸುವ ಚಿತ್ರ ಮಾಡಲು ನಿನ್ನಂಥ ಓದಿದವಳು ಬೇಕಾಗಿಲ್ಲ. 2012ರ ಅಕ್ಟೋಬರ್ 2ರಿಂದ, ತಂಬಾಕು ಕಾಣಿಸುವ ಸಿನಿಮಾಗಳ ಶುರುವಿನಲ್ಲೂ ನಡುವೆಯೂ ಮೂವತ್ತು ಸೆಕೆಂಡಿನ ಎಚ್ಚರಿಕೆಯ ತುಣುಕು ಹಾಕುವುದು ಕಡ್ಡಾಯವಾಗಿದೆ. ಅದರ ಮಾತುಗಳನ್ನು ಕಾಲೇಜು ಹುಡುಗರು ಬಾಯಿಪಾಠ ಮಾಡಿ ಅಣಕಿಸುತ್ತಾರೆ. ಅದು ದಂಡ ಅಂತ ನಾನು ಹೇಳುವುದಿಲ್ಲ, ಇನ್ನೂ ಬೀಡಿ ಹಚ್ಚದವನನ್ನು ತಡೆದರೂ ತಡೆದೀತು. ಆದರೆ ಈಗಾಗಲೇ ಕೆನ್ನೆಯೊಳಗೆ ಹುಣ್ಣು ಇಟ್ಟುಕೊಂಡು ಕುರ್ಚಿಯಲ್ಲಿ ಕೂತವನು ಅದನ್ನು ನೋಡಿ ಎಲ್ಲಿಗೆ ಹೋಗಬೇಕು? ಅವನೇ ನಿನ್ನ ಪ್ರೇಕ್ಷಕ. ಉಳಿದವರು ಅವನ ಜೊತೆ ಬಂದವರು.

ಹೆದರಿಸುವ ಬದಲು ದಾರಿ ತೋರಿಸಬೇಕು ಅನ್ನುವುದು ನನ್ನ ಹೊಸ ಶೋಧನೆಯೇನೂ ಅಲ್ಲ. 1921ರಷ್ಟು ಹಿಂದೆ ಅಮೆರಿಕದ ಕ್ಯಾನ್ಸರ್ ನಿಯಂತ್ರಣ ಸಂಘದವರು ‘ದಿ ರಿವಾರ್ಡ್ ಆಫ್ ಕರೇಜ್’ ಅಂತ ಒಂದು ಮೂಕಿ ಚಿತ್ರ ಮಾಡಿದ್ದರು. ಬೇಗ ಹೇಳಿಕೊಂಡು ಡಾಕ್ಟರ ಬಳಿ ಹೋಗಿ, ನಕಲಿ ಮದ್ದು ಮಾರುವವನನ್ನು ನಂಬಬೇಡಿ ಅನ್ನುವುದೇ ಅದರ ಸಾರ. ಹೆಸರಿನಲ್ಲೇ ಪ್ರತಿಫಲದ ಆಸೆ ಇಟ್ಟರು ನೋಡು. ನಾವು ಅರವತ್ತು ವರ್ಷ ಕಳೆದ ಮೇಲೂ ತೂತಾದ ಕೆನ್ನೆ ತೋರಿಸುತ್ತಿದ್ದೆವು.

ಹಾಗಾದರೆ ಏನು ತೋರಿಸಲಿ ಅಂತೀಯ. ಚಿಕ್ಕದನ್ನು ತೋರಿಸು. ಕೆನ್ನೆಯ ಒಳಮೈಯಲ್ಲಿ ಒರೆಸಿದರೂ ಹೋಗದ ಬಿಳಿ ಮಚ್ಚೆ, ಕೆಂಪು ಮಚ್ಚೆ, ಎರಡು ವಾರವಾದರೂ ಮಾಯದ ಹುಣ್ಣು. ನಿನ್ನೆ ಮೊನ್ನೆವರೆಗೆ ತಿನ್ನುತ್ತಿದ್ದ ಸಾಧಾರಣ ಖಾರಕ್ಕೇ ಉರಿಯುವ ಬಾಯಿ. ಮತ್ತೆ ಬೆರಳಿನ ಲೆಕ್ಕ: ತೋರುಬೆರಳು, ನಡುಬೆರಳು, ಉಂಗುರದ ಬೆರಳು ಮೂರನ್ನೂ ಒಂದರ ಮೇಲೊಂದು ನಿಲ್ಲಿಸಿ ಹಲ್ಲಿನ ನಡುವೆ ಇಡುವುದು. ಅವರವರ ಬಾಯಿಗೆ ಅವರವರದೇ ಬೆರಳು. ಮೂರೂ ಹೋದರೆ ಸರಿ. ಎರಡಕ್ಕೇ ತಡೆದರೆ ಒಳಗಿನ ಚರ್ಮ ಬಿಗಿದು ನಾರಾಗುತ್ತಿದೆ ಅಂತ ಅನುಮಾನ ಪಡಬೇಕು. ಅಡಿಕೆ ಜಗಿಯುವವರಲ್ಲಿ ಬರುವ ಈ ಬಿಗಿತ ಇನ್ನೂ ಕ್ಯಾನ್ಸರ್ ಆಗಿರುವುದಿಲ್ಲ, ಮುಂದೆ ಆಗಬಹುದು. ಪರದೆಯ ಮೇಲೆ ಒಬ್ಬ ಮೂರು ಬೆರಳು ಇಟ್ಟುಕೊಂಡರೆ ಕತ್ತಲಲ್ಲಿ ಕೂತ ನೂರು ಜನರ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ನಾನೇ ಕಂಡಿದ್ದೇನೆ.

ಟಾರ್ಚು ಹಿಡಿದು ಬಾಯೊಳಗೆ ಕಣ್ಣಾಡಿಸುವ ಕೆಲಸವನ್ನು ಹಗುರ ಅಂತ ಎಣಿಸಬೇಡ. ತಿರುವನಂತಪುರದ ಕಡೆ ಡಾಕ್ಟರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬರೀ ಕಣ್ಣಿನಿಂದ ಬಾಯಿ ಪರೀಕ್ಷಿಸಿದರು. 2005ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ತಂಬಾಕು ಇಲ್ಲವೇ ಮದ್ಯದ ಅಭ್ಯಾಸ ಇದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ನೂರಕ್ಕೆ 34ರಷ್ಟು ಕಡಿಮೆಯಾಗಿತ್ತು. ಯಂತ್ರವಿಲ್ಲ, ಸೂಜಿಯಿಲ್ಲ. ನಿನ್ನ ಚಿತ್ರದಲ್ಲಿ ಉಪಕೇಂದ್ರದ ಸಿಸ್ಟರು ಒಬ್ಬನ ಬಾಯಿ ನೋಡುವ ಒಂದು ನಿಮಿಷವನ್ನು ಎಲ್ಲೂ ಕತ್ತರಿಸದೆ ಹಾಗೇ ಬಿಡು. ಅವನು ಮುಜುಗರದಿಂದ ನಗಲಿ, ಎದ್ದು ಹೋಗಿ ಬಾಯಿ ಮುಕ್ಕಳಿಸಿ ಬರಲಿ.

ಈಗ ಕಷ್ಟದ ಮಾತು. ನಿನ್ನ ತುಣುಕಿನ ಮೊದಲ ದೃಶ್ಯ ನಮ್ಮ ತೋಟದ್ದು. ಡ್ರೋನ್ ಹಾರಿಸಿ ತೆಗೆದದ್ದು ಚಂದ ಬಂದಿದೆ. ಸೋಗೆಯ ಮೇಲೆ ಬೆಳಗಿನ ಮಂಜು, ಅಲ್ಲಿಂದ ನೇರ ಆಸ್ಪತ್ರೆಯ ಹಾಸಿಗೆ. ನಡುವೆ ಏನೋ ಬಿಟ್ಟೆಯಲ್ಲ? ಆ ಮರದ ಗೊನೆ ಎಲ್ಲಿಗೆ ಹೋಗುತ್ತದೆ ಅಂತ ಚಿತ್ರ ಹೇಳುವುದೇ ಇಲ್ಲ. ತಂಬಾಕು ಅನ್ನುತ್ತೀಯ, ಗುಟ್ಕಾ ಅನ್ನುತ್ತೀಯ. ಅಡಿಕೆ ಅನ್ನುವ ಮೂರಕ್ಷರ ಒಂದು ಸಲವೂ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ, ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಹಾಕಿದೆ. ಇದು ನಿನಗೆ ಗೊತ್ತಿಲ್ಲದ್ದೇನೂ ಅಲ್ಲ.

ಈ ಮಾತು ನಮ್ಮೂರಲ್ಲಿ ಆಡಿದರೆ ಏನಾಗುತ್ತದೆ ಅಂತ ನನಗೂ ಗೊತ್ತು. ಸೊಸೈಟಿಯ ಜಗುಲಿಯಲ್ಲಿ ಎರಡು ವರ್ಷ ನನ್ನ ಜೊತೆ ಮಾತು ಬಿಟ್ಟವರಿದ್ದಾರೆ. ಅಜ್ಜನ ಕಾಲದಿಂದ ತಿಂದಿದ್ದೇವೆ, ಯಾರಿಗೆ ಏನಾಯಿತು ಅಂತಾರೆ. ಎಲೆ ಅಡಿಕೆ ಇಲ್ಲದ ಮದುವೆ ಉಂಟಾ ಅಂತಾರೆ. ಅವರ ಹೆದರಿಕೆ ಸುಳ್ಳಲ್ಲ ಕೂಸೇ. ಚಾಲಿ ಅಡಿಕೆಯ ದರ ಬಿದ್ದ ವರ್ಷ ಎಷ್ಟು ಮನೆಯ ಮದುವೆ ಮುಂದೆ ಹೋಗಿದೆ. ನಿನ್ನ ಫೀಸು ಕಟ್ಟಿದ್ದು, ಆ ಕ್ಯಾಮೆರಾ ಕೊಂಡದ್ದು ಕೂಡ ಅಡಿಕೆಯ ದುಡ್ಡೇ. ಅದನ್ನೇ ಚಿತ್ರದಲ್ಲಿ ಹೇಳು, ನಿನ್ನದೇ ದನಿಯಲ್ಲಿ. ಯಾರನ್ನೂ ಕಟಕಟೆಗೆ ಹತ್ತಿಸಬೇಡ. ಸುಗ್ಗಿಯ ರಾತ್ರಿ ಅಂಗಳದಲ್ಲಿ ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕೂತು ಸುಲಿಯುವವರನ್ನು, ಸುಲಿಯುತ್ತ ಸುಲಿಯುತ್ತಲೇ ಬಾಯಿಗೊಂದು ಹೋಳು ಹಾಕಿಕೊಳ್ಳುವ ಕೈಯನ್ನು ತೋರಿಸಿದರೆ ಸಾಕು. 2013ರಲ್ಲಿ ಕರ್ನಾಟಕ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ ಬಂತು. ಬಸ್‌ಸ್ಟ್ಯಾಂಡಿನ ಹುಡುಗರು ಎರಡನ್ನೂ ಹರಿದು, ಒಂದರೊಳಗೊಂದು ಸುರಿದು, ಕಿವಿಯ ಹತ್ತಿರ ಕುಲುಕುತ್ತಾರೆ. ಆ ಸದ್ದನ್ನು ರೆಕಾರ್ಡ್ ಮಾಡಿಕೊಂಡೆಯಾ? ನಿನ್ನ ಅಳುವ ವಾದ್ಯಕ್ಕಿಂತ ಅದು ಹೆಚ್ಚು ಹೇಳುತ್ತದೆ.

ಚಿತ್ರದಲ್ಲಿ ಹೆಂಗಸರ ಕ್ಯಾನ್ಸರಿನ ಭಾಗವನ್ನು ನೀನೇ ಚೆನ್ನಾಗಿ ಬಲ್ಲೆ. ಒಂದೇ ಮಾತು: ಪುಸ್ತಕದ ‘ಗರ್ಭಕಂಠ’ ಬಿಟ್ಟು ನರ್ಸಮ್ಮಂದಿರು ಹೇಳುವ ‘ಗರ್ಭಕೋಶದ ಬಾಯಿ’ ಅನ್ನು. ಅಲ್ಲಿಗೆ ವಿನಿಗರಿನಂಥ ತೆಳು ಆಮ್ಲ ಹಚ್ಚಿ, ಬಿಳಿ ಕಲೆ ಏಳುತ್ತದೋ ಅಂತ ನೋಡುವ ಪರೀಕ್ಷೆ ಸಾಕಷ್ಟು ಸರಳ. ಬಾಯಿ, ಎದೆ, ಗರ್ಭಕೋಶದ ಬಾಯಿ ಈ ಮೂರನ್ನೂ ಮೂವತ್ತು ದಾಟಿದವರಿಗೆ ಐದು ವರ್ಷಕ್ಕೊಮ್ಮೆ ನೋಡಬೇಕು ಅಂತ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯೇ ಹೇಳುತ್ತದೆ. ಅದು ಕಾಗದದ ಮೇಲಿದೆ. ನಿಮ್ಮ ಉಪಕೇಂದ್ರದಲ್ಲಿ ಯಾವ ವಾರ ನೋಡುತ್ತಾರೆ ಅಂತ ಕೇಳಿಕೊಂಡು ಬಂದು ಚಿತ್ರದ ಕೊನೆಯಲ್ಲಿ ಹಾಕು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆಗೆ ದಾರಿಯಿದೆ ಅನ್ನುವುದನ್ನೂ ಹಾಕು. ‘ಕಿದ್ವಾಯಿಗೆ ಕರೆದುಕೊಂಡು ಹೋದರಂತೆ’ ಅಂದರೆ ಸಾಕು, ನಮ್ಮ ಕಡೆ ದನಿ ತಗ್ಗುತ್ತದೆ. 1973ರಿಂದ ಇರುವ ಬೆಂಗಳೂರಿನ ಆ ಕ್ಯಾನ್ಸರ್ ಆಸ್ಪತ್ರೆಯಿಂದ ಗುಣವಾಗಿ ವಾಪಸು ಬಂದವರೂ ಇದ್ದಾರೆ. ಅಂಥವರೊಬ್ಬರು ಬೆಳಿಗ್ಗೆ ಎದ್ದು ದನಕ್ಕೆ ಹುಲ್ಲು ಹಾಕುವುದನ್ನು ತೋರಿಸು.

ಆದರೆ ಅವರನ್ನು ‘ಗೆದ್ದವರು’ ಅಂತ ಕರೆಯಬೇಡ. 2011ರ ಕೆನಡಾದ ಸಾಕ್ಷ್ಯಚಿತ್ರ ‘ಪಿಂಕ್ ರಿಬ್ಬನ್ಸ್, ಇಂಕ್.’ ಸಿಕ್ಕಿದರೆ ನೋಡು, ಲೇಯಾ ಪೂಲ್ ನಿರ್ದೇಶಿಸಿದ್ದು. ಜಾಗೃತಿಯ ಹೆಸರಿನ ಓಟ, ಗುಲಾಬಿ ರಿಬ್ಬನ್ನು, ಅದನ್ನು ಅಂಟಿಸಿಕೊಂಡು ಸಾಮಾನು ಮಾರುವ ಕಂಪನಿಗಳು ಎಲ್ಲವನ್ನೂ ಅದು ಬಿಚ್ಚಿಡುತ್ತದೆ. ಅದರಲ್ಲಿ ನಾಲ್ಕನೇ ಹಂತಕ್ಕೆ ಬಂದ ಕೆಲವು ಹೆಂಗಸರು ಒಟ್ಟಿಗೆ ಕೂತು ಮಾತಾಡುತ್ತಾರೆ. ಈ ಸೋಲು ಗೆಲುವಿನ ಭಾಷೆಯಲ್ಲಿ ತಮಗೆ ಜಾಗವೇ ಇಲ್ಲ ಅನ್ನುವುದು ಅವರ ಸಂಕಟ. ಗೆದ್ದವರು ಅಂದ ಕೂಡಲೇ ಸತ್ತವರೆಲ್ಲ ಸರಿಯಾಗಿ ಹೋರಾಡದೆ ಸೋತವರಾಗುತ್ತಾರೆ. ಆ ಅಜ್ಜಿ ಯಾವ ಲೆಕ್ಕಕ್ಕೆ?

ನಿನ್ನ ತುಣುಕಿನ ಹೆಂಗಸಿನ ಸಹಿ ತೆಗೆದುಕೊಂಡಿದ್ದೀಯ ಅಂತ ಬರೆದಿದ್ದೀಯ. ಸಹಿ ನಿನ್ನ ರಕ್ಷಣೆಗೆ. ಅವಳನ್ನು ಇನ್ನೂ ಎರಡು ಸಲ ಕೇಳು: ಚಿತ್ರೀಕರಣ ಮುಗಿದ ರಾತ್ರಿ ಕಳೆದ ಮೇಲೆ ಒಮ್ಮೆ, ಜೋಡಿಸಿದ್ದನ್ನು ತೋರಿಸಿ ಒಮ್ಮೆ. ಬೇಡ ಅಂದರೆ ಮುಖ ಗಂಟಿಕ್ಕದೆ ತೆಗೆದುಬಿಡು. ನಮ್ಮ ಕಾಲದಲ್ಲಿ ಡಬ್ಬಿಯ ರೀಲು ಕಚೇರಿಯ ಕಪಾಟಿಗೆ ವಾಪಸು ಹೋಗುತ್ತಿತ್ತು. ನಿನ್ನದು ಫೋನಿನಿಂದ ಫೋನಿಗೆ ಹಾರಿ, ಅವಳ ಮಗಳನ್ನು ನೋಡಲು ಬರುವ ಗಂಡಿನ ಮನೆಯವರೆಗೂ ಹೋಗುತ್ತದೆ.

ಉದ್ದದ ಬಗ್ಗೆ ಕೇಳಿದ್ದೀಯ. ಸಿದ್ಧಾರ್ಥ ಮುಖರ್ಜಿಯವರ ಪುಸ್ತಕ ಆಧರಿಸಿ 2015ರಲ್ಲಿ ಅಮೆರಿಕದ ಟಿವಿಗೆ ಮಾಡಿದ್ದು ಆರು ಗಂಟೆಯದು. ಅದು ಕ್ಯಾನ್ಸರಿನ ಚರಿತ್ರೆ, ಅದಕ್ಕೆ ಅಷ್ಟು ಬೇಕು. ನಿನಗೆ ಹನ್ನೆರಡು ನಿಮಿಷ ಬೇಕಾದಷ್ಟಾಯಿತು. ನಾನೂರು ಅಡಿಯ ರೀಲು ಹನ್ನೊಂದು ನಿಮಿಷಕ್ಕೆ ಮುಗಿಯುತ್ತಿತ್ತು. ಮುಂದಿನದನ್ನು ಸಿಕ್ಕಿಸುವ ತನಕ ಕತ್ತಲು. ಆ ಎರಡು ಮೂರು ನಿಮಿಷದಲ್ಲೇ ನನಗೆ ಒಳ್ಳೊಳ್ಳೆಯ ಪ್ರಶ್ನೆಗಳು ಬಂದದ್ದು, ಯಾರು ಕೇಳಿದರು ಅಂತ ಯಾರಿಗೂ ಗೊತ್ತಾಗದ ಹಾಗೆ. "ನೋವಿಲ್ಲದ ಹುಣ್ಣಾದ್ರೆ ಎಂತ ಸಾರ್?" ಅಂತ ಒಂದು ದನಿ. ನಾನು ಸರಭರ ರೀಲು ಸಿಕ್ಕಿಸಿ ದೀಪ ಹೊತ್ತಿಸುತ್ತಿದ್ದೆ, ದನಿ ಅಡಗುತ್ತಿತ್ತು. ನೀನು ಆರನೇ ನಿಮಿಷಕ್ಕೆ ಬೇಕೆಂದೇ ಚಿತ್ರ ನಿಲ್ಲಿಸು. ದೀಪ ಹಾಕಬೇಡ. ಪಕ್ಕದಲ್ಲಿ ಸಿಸ್ಟರನ್ನು ಕೂರಿಸಿಕೊ. ಉತ್ತರ ಹೇಳುವವರು ಸಿಗದ ದಿನ ಪ್ರದರ್ಶನವನ್ನೇ ಇಟ್ಟುಕೊಳ್ಳಬೇಡ.

ಇನ್ನೊಂದು ವಿಷಯ, ಇದು ಸಿನಿಮಾದ್ದಲ್ಲ. ಮೊನ್ನೆ ಅಜ್ಜನ ತಿಥಿಯ ದಿನ ನಿನ್ನಪ್ಪ ನನ್ನ ಪಕ್ಕದ ಎಲೆಗೇ ಕೂತಿದ್ದ. ಲೋಟಗಟ್ಟಲೆ ಅಪ್ಪೆಹುಳಿ ಸುರಿದುಕೊಳ್ಳುವ ಪ್ರಾಣಿ, ತುಟಿಗೆ ತಾಗಿಸಿ ಕೆಳಗಿಟ್ಟ. ಖಾರ ಅಂದ. ಒಗ್ಗರಣೆಯ ಒಂದು ಮೆಣಸು ಬಿಟ್ಟರೆ ಅದರಲ್ಲಿ ಖಾರ ಎಲ್ಲಿತ್ತು? ವಡೆಯನ್ನು ಚೂರು ಚೂರು ಮುರಿದು ಬಾಯಿಗೆ ತೂರಿಸುತ್ತಿದ್ದ. ಕೇಳಿದರೆ ಹಲ್ಲುನೋವು ಅಂದ. ನನ್ನ ತಮ್ಮ ಅವನು, ನನ್ನೆದುರು ಬಾಯಿ ಬಿಡುವುದಿಲ್ಲ. ನಿನ್ನೆದುರು ಬಿಟ್ಟಾನು. ಶನಿವಾರ ಬರುತ್ತೀಯಲ್ಲ, ಕ್ಯಾಮೆರಾ ಚೀಲದಲ್ಲೇ ಇರಲಿ. ಅವನನ್ನು ಜಗುಲಿಯಲ್ಲಿ ಬೆಳಕಿನ ಕಡೆ ಕೂರಿಸಿ, ಮೂರು ಬೆರಳು ಹೋಗುತ್ತದೋ ನೋಡಿ, ನನಗೊಂದು ಫೋನು ಮಾಡು.