ತಿಟ್ಟಿನ ಮೇಲಿನ ಬಾಣಂತಿಯರು

ನಮಗೆ ದಿನವೂ ಕೆಲಸ. ಎದ್ದರೆ ಕಸ, ಮುಸುರೆ, ಹಸು, ಹೊಲ. ಒಂದು ಗಳಿಗೆ ಸುಮ್ಮನೆ ಕೂತವರಲ್ಲ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಕಲಿಕಾ ಕೇಂದ್ರದ ಅಕ್ಕ ಹೇಳಿದರು: "ಭಾನುವಾರ ರಂಗನತಿಟ್ಟಿಗೆ ಹೋಗೋಣ. ಹಕ್ಕಿ ನೋಡೋಣ."

"ಹಕ್ಕಿ ನೋಡಕ್ಕೆ ಬಸ್ಸು ಹತ್ತಬೇಕಾ?" ಎಂದು ನಾವು ನಕ್ಕೆವು. ಆದರೂ ಬುತ್ತಿ ಕಟ್ಟಿಕೊಂಡು ಹೊರಟೆವು.

ರಂಗನತಿಟ್ಟು ಮಂಡ್ಯ ಜಿಲ್ಲೆಯಲ್ಲಿ, ಶ್ರೀರಂಗಪಟ್ಟಣದ ಹತ್ತಿರ ಇದೆ. ಅಲ್ಲಿ ಒಂದು ಫಲಕ ಕಂಡಿತು. ನಮ್ಮ ಜೊತೆ ಬಂದಿದ್ದ ಅಜ್ಜಿ ನಿಂತು ಕೂಡಿಸಿ ಓದಿದರು: "ಶ-ಬ್ದ ಮಾ-ಡ-ಬೇ-ಡಿ." ಒತ್ತಕ್ಷರ ಬಂದರೂ ತಡವರಿಸಲಿಲ್ಲ. ನಮಗೆಲ್ಲ ಖುಷಿಯಾಯಿತು.

ದೋಣಿ ಹತ್ತಿದೆವು. ಸುತ್ತಲೂ ಕಾವೇರಿ. ನಡುವೆ ಸಣ್ಣ ಸಣ್ಣ ತಿಟ್ಟುಗಳು. ತಿಟ್ಟಿನ ತುಂಬಾ ಮರ, ಬಿದಿರು. ಮರದ ತುಂಬಾ ಹಕ್ಕಿ! ಬಣ್ಣದ ಕೊಕ್ಕರೆ, ನೀರುಕಾಗೆ, ಚಮಚದಂಥ ಕೊಕ್ಕಿನ ಹಕ್ಕಿ. ಬಂಡೆಯ ಮೇಲೆ ಮೊಸಳೆ ಬಿಸಿಲು ಕಾಯಿಸುತ್ತಾ ಮಲಗಿತ್ತು.

"ಅಯ್ಯೋ, ಅಲ್ನೋಡ್ರೇ!" ನಾವು ಕೂಗಿಬಿಟ್ಟೆವು.

ದೋಣಿಯ ಅಣ್ಣ ಹುಟ್ಟು ಹಾಕುವುದನ್ನು ನಿಲ್ಲಿಸಿದರು. "ಮೆಲ್ಲಗೆ ಅಕ್ಕ. ಗೂಡಲ್ಲಿ ಮರಿ ಅವೆ. ತಾಯಿ ಹೆದರಿ ಎದ್ದರೆ ಕಾಗೆ, ಹದ್ದು ಬಂದು ಮೊಟ್ಟೆ, ಮರಿ ಎತ್ಕೊಂಡು ಹೋಗ್ತವೆ. ಬಿಸಿಲಿಗೂ ಮರಿ ಸಾಯ್ತವೆ."

ನೋಡಿದೆವು. ಒಂದು ಕೊಕ್ಕರೆ ರೆಕ್ಕೆ ಬಿಚ್ಚಿ ನಿಂತಿತ್ತು. ಅದರ ನೆರಳಲ್ಲಿ ಮರಿಗಳಿದ್ದವು. ನಾವು ಹೊಲದಲ್ಲಿ ಮಗುವಿಗೆ ಸೆರಗು ಮರೆ ಮಾಡುವುದಿಲ್ಲವೇ? ಹಾಗೆಯೇ.

ಅಜ್ಜಿ ಪಿಸುಗುಟ್ಟಿದರು: "ಬಾಣಂತಿ ಕೋಣೆ ಮುಂದೆ ಯಾರಾದರೂ ಕೂಗ್ತಾರಾ? ಸುಮ್ಕಿರಿ."

ನಾವು ಸುಮ್ಮನಾದೆವು. ಹುಟ್ಟಿನ ಸದ್ದು, ಹಕ್ಕಿಗಳ ಸದ್ದು ಮಾತ್ರ ಕೇಳುತ್ತಿತ್ತು. ಅಷ್ಟು ಹೊತ್ತು ನಮ್ಮನ್ನು ಯಾರೂ ಯಾವ ಕೆಲಸಕ್ಕೂ ಕರೆಯಲಿಲ್ಲ. ಮೈ ಹಗುರ ಆಯಿತು.

ದಡದ ಮರದಡಿ ಬುತ್ತಿ ಬಿಚ್ಚಿದೆವು. ಅಕ್ಕ ಈ ಜಾಗದ ಕಥೆ ಹೇಳಿದರು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರು ಇಲ್ಲಿ ಹೊಳೆಗೆ ಒಡ್ಡು ಕಟ್ಟಿಸಿದರು. ಅದರಿಂದ ನೀರು ನಿಂತು ಈ ತಿಟ್ಟುಗಳಾದವು. ಸುತ್ತ ನೀರು ಇರುವುದರಿಂದ ನಾಯಿ, ಬೆಕ್ಕು, ನರಿಗಳ ಕಾಟ ಕಡಿಮೆ. ಹಕ್ಕಿ ತಜ್ಞ ಸಲೀಂ ಅಲಿಯವರು ಇದನ್ನು ಕಾಪಾಡಬೇಕು ಎಂದು ಮೈಸೂರಿನ ಅರಸರಿಗೆ ಹೇಳಿದರು. 1940ರಲ್ಲಿ ಇದು ಪಕ್ಷಿಧಾಮವಾಯಿತು. ಈಗ ಅರಣ್ಯ ಇಲಾಖೆ ನೋಡಿಕೊಳ್ಳುತ್ತಿದೆ.

"ಒಬ್ಬರು ಬಾಯಿಬಿಟ್ಟು ಹೇಳಿದ್ದಕ್ಕೆ ಇಷ್ಟು ಹಕ್ಕಿ ಉಳೀತಲ್ಲಾ!" ಎಂದರು ಅಜ್ಜಿ.

ಮಳೆಗಾಲ ಬಂತು. ನಮ್ಮೂರ ಹುಣಸೆ ಮರದಲ್ಲಿ ಬೆಳ್ಳಕ್ಕಿ ಗೂಡು ಕಟ್ಟಿದವು. ಹುಡುಗರು ಕಲ್ಲು ಎಸೆಯುತ್ತಿದ್ದರು. ಮೊದಲಾದರೆ ನಾವು ನೋಡಿಯೂ ನೋಡದಂತೆ ಹೋಗುತ್ತಿದ್ದೆವು. ಈ ಸಲ ಹಾಗೆ ಮಾಡಲಿಲ್ಲ. ಒಂದು ರಟ್ಟು ತಂದೆವು. ಅಜ್ಜಿ ಇದ್ದಿಲಿನಲ್ಲಿ ದೊಡ್ಡ ಅಕ್ಷರ ಬರೆದರು. ಮರಕ್ಕೆ ಕಟ್ಟಿದೆವು.

"ಕಲ್ಲು ಎಸೆಯಬೇಡಿ. ಇಲ್ಲಿ ಬಾಣಂತಿ ಇದ್ದಾಳೆ."

ಹುಡುಗರು ಓದಿದರು, ನಕ್ಕರು. ಕೈಯಲ್ಲಿದ್ದ ಕಲ್ಲು ಕೆಳಗೆ ಹಾಕಿದರು.

ಓದಿ, ಬರೆಯಿರಿ:
ತಿಟ್ಟು, ಒಡ್ಡು, ಹಕ್ಕಿ, ರೆಕ್ಕೆ, ಶಬ್ದ

ಉತ್ತರ ಹೇಳಿ:
1. ಗೂಡಿನ ಹತ್ತಿರ ಏಕೆ ಶಬ್ದ ಮಾಡಬಾರದು?
2. ತಿಟ್ಟಿನ ಮೇಲೆ ಹಕ್ಕಿಗಳಿಗೆ ಏಕೆ ಭಯ ಕಡಿಮೆ?

ಎಲ್ಲರೂ ಕೂಡಿ ಮಾತಾಡಿ:
ನಿಮ್ಮ ಊರಿನ ಯಾವ ಮರದಲ್ಲಿ ಹಕ್ಕಿ ಗೂಡು ಇದೆ? ಅದನ್ನು ಉಳಿಸಲು ನೀವು ಏನು ಬರೆಯುತ್ತೀರಿ?